ಯುದ್ಧ, ಪ್ರೇಮ, ಶಿಲಾಶಾಸನ: ‘ಮಯೂರ’ (1975) ಚಿತ್ರದ ನಿರಂತರ ಆಕರ್ಷಣೆ – ಮುಖ್ಯಾಂಶಗಳು

ವಿಷಯ ವ್ಯಾಪ್ತಿ: ಕರ್ನಾಟಕ ಇತಿಹಾಸ (ಕದಂಬರು), ಕಲೆ ಮತ್ತು ಸಂಸ್ಕೃತಿ (ಚಲನಚಿತ್ರ), ಶಿವಮೊಗ್ಗ ಜಿಲ್ಲೆ
ಭೌಗೋಳಿಕ ಕೇಂದ್ರ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು, ಸಾಗರ ಉಪವಿಭಾಗ

ಚಿತ್ರ: ಮೂಲ ವಿವರ

- ಹೆಸರು: ಮಯೂರ, ಬಿಡುಗಡೆ: 1975, ಪ್ರಕಾರ: ಐತಿಹಾಸಿಕ, ಯುದ್ಧ ಹಿನ್ನೆಲೆಯ ಪ್ರೇಮಕಥೆ
- ನಿರ್ದೇಶನ: ವಿಜಯ್ (ವಿಜಯ ರೆಡ್ಡಿ, ನಿಧನ: ಅಕ್ಟೋಬರ್ 2020)
- ವಿಜಯ್ ಅವರ ಇತರ ಚಿತ್ರಗಳು: ಗಂಧದ ಗುಡಿ (1973), ಶ್ರೀ ಶ್ರೀನಿವಾಸ ಕಲ್ಯಾಣ (1974), ಸನಾದಿ ಅಪ್ಪಣ್ಣ (1977), ಹುಲಿಯ ಹಾಲಿನ ಮೇವು (1979)
- ಮೂಲ ಕೃತಿ: ದೇವುಡು ನರಸಿಂಹಶಾಸ್ತ್ರಿ ಅವರ ಅದೇ ಹೆಸರಿನ ಕಾದಂಬರಿ
- ದೇವುಡು: ಮಹಾಬ್ರಾಹ್ಮಣ, ಮಹಾಕ್ಷತ್ರಿಯ, ಮಹಾದರ್ಶನ ಕಾದಂಬರಿತ್ರಯದ ಕರ್ತೃ, ‘ಮಹಾಕ್ಷತ್ರಿಯ’ಕ್ಕೆ 1962ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ
- ನಾಯಕ: ಡಾ. ರಾಜ್‌ಕುಮಾರ್ (ಮಯೂರ), ನಾಯಕಿ: ಮಂಜುಳಾ (ಪ್ರೇಮಾವತಿ), ಇತರ ಪ್ರಮುಖರು: ಶ್ರೀನಾಥ್, ವಜ್ರಮುನಿ
- ಸಂಗೀತ: ಜಿ.ಕೆ. ವೆಂಕಟೇಶ್, ಗೀತರಚನೆ: ಚಿ. ಉದಯಶಂಕರ್
- ಯುಗಳಗೀತೆಯ ಗಾಯಕರು: ರಾಜ್‌ಕುಮಾರ್, ಎಸ್. ಜಾನಕಿ
- ಪ್ರಶಸ್ತಿ: ಫಿಲ್ಮ್‌ಫೇರ್ ಅತ್ಯುತ್ತಮ ನಟ (ಕನ್ನಡ), 1975: ರಾಜ್‌ಕುಮಾರ್
- ಕಥಾಕಾಲ: ಕ್ರಿ.ಶ. 4ನೆಯ ಶತಮಾನ, ಕಥಾಸ್ಥಳ: ಕಂಚಿ ಮತ್ತು ಬನವಾಸಿ
- ಸಂಘರ್ಷ: ಕದಂಬ–ಪಲ್ಲವ, ಪ್ರೇಮ: ಅದೇ ಪಲ್ಲವ ಕುಲದ ರಾಜಕುಮಾರಿಯೊಂದಿಗೆ

ತಾಳಗುಂದ ಸ್ತಂಭ ಶಾಸನ: ಚಿತ್ರಕಥೆಯ ಕಲ್ಲಿನ ಆಧಾರ

- ಸ್ಥಳ: ತಾಳಗುಂದ, ಶಿಕಾರಿಪುರ ತಾಲ್ಲೂಕು, ಶಿರಾಳಕೊಪ್ಪದ ಸಮೀಪ
- ಪ್ರಾಚೀನ ಹೆಸರು: ಸ್ಥಾನಕುಂದೂರು
- ನಿಖರ ನೆಲೆ: ಪ್ರಣವೇಶ್ವರ ದೇವಾಲಯದ ಮುಂಭಾಗ
- ಭಾಷೆ: ಸಂಸ್ಕೃತ (ಕನ್ನಡವಲ್ಲ, ಪದೇ ಪದೇ ತಪ್ಪುವ ಅಂಶ)
- ರೂಪ: ಪದ್ಯ, ಚಂಪೂ ಅಲ್ಲ, ಗದ್ಯವೂ ಅಲ್ಲ
- ಕವಿ: ಕುಬ್ಜ, ಕಾವ್ಯವನ್ನು ಶಿಲೆಯ ಮೇಲೆ ತಾನೇ ಬರೆದುದಾಗಿ ಕವಿಯ ಉಲ್ಲೇಖ
- ಬರೆಸಿದ ಅರಸ: ಶಾಂತಿವರ್ಮ (5ನೆಯ ಶತಮಾನ)
- ಬರೆಸಲು ಸಂದರ್ಭ: ಕಾಕುತ್ಸ್ಥವರ್ಮ ದೇವಾಲಯದ ಬಳಿ ಕಟ್ಟಿಸಿದ ತಟಾಕ
- ಅಂದರೆ: ಮಯೂರನ ಕಾಲಕ್ಕೂ ಶಾಸನದ ಕಾಲಕ್ಕೂ ಸುಮಾರು 1 ಶತಮಾನದ ಅಂತರ, ಸಮಕಾಲೀನ ದಾಖಲೆಯಲ್ಲ, ವಂಶಸ್ಥರ ನೆನಪಿನ ದಾಖಲೆ
- ಕಂಬದ ಆಕಾರ: ಅಷ್ಟಮುಖ, ಸಾಲುಗಳು ಅಡ್ಡಲಾಗಿ ಅಲ್ಲ, ಕಂಬದ ಉದ್ದಕ್ಕೆ, ಓದುವವರು ಕತ್ತು ವಾಲಿಸಿ ಮುಖದಿಂದ ಮುಖಕ್ಕೆ ಸುತ್ತಬೇಕಾದ ವಿನ್ಯಾಸ
- ಪ್ರಕಟಣೆ: ಎಪಿಗ್ರಾಫಿಯಾ ಕರ್ನಾಟಿಕಾ, ಸಂಪುಟ 7, ಶಿಕಾರಿಪುರ 176, ಸಂಪಾದಕ: ಬಿ.ಎಲ್. ರೈಸ್ (1837–1927)
- ಎಪಿಗ್ರಾಫಿಯಾ ಇಂಡಿಕಾ, ಸಂಪುಟ 8ರಲ್ಲಿ ಮರುಸಂಪಾದನೆ: ಕೀಲ್‌ಹಾರ್ನ್
- ದೇವಾಲಯದ ಪ್ರಾಚೀನತೆ: ಶಾತಕರ್ಣಿ ಮೊದಲಾದ ಅರಸರು ಪೂಜಿಸಿದ ಶಿವಾಲಯ ಎಂದು ಇದೇ ಶಾಸನದ ಉಲ್ಲೇಖ
- ದೇವಾಲಯದ ಬಾಗಿಲವಾಡದ ಶಾಸನ: ಮೃಗೇಶವರ್ಮನ ರಾಣಿ, ರವಿವರ್ಮನ ತಾಯಿ, ಕೈಕೇಯ ಕುಲದ ಪ್ರಭಾವತಿ
- ಎಚ್ಚರಿಕೆ: ಪ್ರಭಾವತಿ ಶಾಸನದ ವ್ಯಕ್ತಿ, ಪ್ರೇಮಾವತಿ ಚಿತ್ರದ ಪಾತ್ರ. ಪರಸ್ಪರ ಸಂಬಂಧವಿಲ್ಲ

ತಾಳಗುಂದ: 2013ರ ಉತ್ಖನನ

- ನಡೆಸಿದ ಸಂಸ್ಥೆ: ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ
- ಲಭ್ಯ: ಸಿಂಹಕಟಾಂಜನ (ಮೆಟ್ಟಿಲ ಪಕ್ಕದ ಸಿಂಹಶಿಲ್ಪದ ಕೈಪಿಡಿಗಲ್ಲು) ಮೇಲಿನ ಶಾಸನ
- ಇಲಾಖೆ ಸೂಚಿಸಿದ ಕಾಲ: ಕ್ರಿ.ಶ. 370
- ಮಹತ್ವ: ಹಲ್ಮಿಡಿ ಶಾಸನಕ್ಕಿಂತ (ಸು. 450) ಹಿಂದಿನ ಕನ್ನಡ ಎಂಬ ಪ್ರತಿಪಾದನೆ
- ಹಲ್ಮಿಡಿ: ಬೇಲೂರು ತಾಲ್ಲೂಕು, ಹಾಸನ ಜಿಲ್ಲೆ, ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ (1936), ಕಾಲ: ಕಾಕುತ್ಸ್ಥವರ್ಮ
- ಎರಡೂ ಕದಂಬರ ಕಾಲದವು. ಉತ್ತರ ಬರೆಯುವಾಗ ಪ್ರಶ್ನೆಯಲ್ಲಿ ‘ಸಾಂಪ್ರದಾಯಿಕವಾಗಿ ಒಪ್ಪಿತ’ ಎಂದಿದ್ದರೆ ಹಲ್ಮಿಡಿ

ಶಾಸನ ಹೇಳುವ ಕಥೆ: ಘಟನಾಕ್ರಮ

- ಮೂಲ: ಮಾನವ್ಯಸ ಗೋತ್ರದ, ಹಾರೀತಿಪುತ್ರ ಬ್ರಾಹ್ಮಣ ಕುಟುಂಬ, ಮನೆಯ ಬಳಿಯ ಕದಂಬ ವೃಕ್ಷದಿಂದ ಕುಲನಾಮ
- ವಿದ್ಯಾಭ್ಯಾಸ: ಗುರು ವೀರಶರ್ಮನೊಂದಿಗೆ ಕಂಚಿಯ ಘಟಿಕಾಸ್ಥಾನ
- ಗುಡ್ನಾಪುರ ಶಾಸನದ ಪ್ರಕಾರ: ವೀರಶರ್ಮ ಮಯೂರನ ತಾತ, ತಂದೆ ಬಂಧುಷೇಣ
- ತಿರುವು: ಪಲ್ಲವ ಅಶ್ವಾರೋಹಿಯೊಂದಿಗೆ ಕಲಹ, ಅವಮಾನ
- ಪರಿಣಾಮ: ದರ್ಭೆ, ಸಮಿತ್ತು, ಸ್ರುಕ್ಕು ಹಿಡಿದು ಪಳಗಿದ ಕೈಗೆ ಖಡ್ಗ, ಶಾಸನದ ಅತಿ ಪ್ರಸಿದ್ಧ ಚಿತ್ರ
- ಮೊದಲ ಯುದ್ಧ: ಪಲ್ಲವರ ಅಂತಪಾಲರ (ಗಡಿರಕ್ಷಕರ) ಸೋಲು
- ನೆಲೆ: ಶ್ರೀಪರ್ವತದ (ಶ್ರೀಶೈಲ) ದುರ್ಗಮ ಅರಣ್ಯ
- ಕಪ್ಪ ತೆತ್ತವರು: ಬೃಹದ್ಬಾಣರು ಮೊದಲಾದವರು
- ಸಂಧಾನ: ಗೆಲ್ಲುವುದು ಕಷ್ಟವೆಂದು ಪಲ್ಲವರಿಂದ ಸ್ನೇಹ, ಮಯೂರನಿಂದ ಸೇವೆ, ಪ್ರತಿಯಾಗಿ ಪಟ್ಟಬಂಧ
- ದತ್ತ ಪ್ರದೇಶ: ಪಶ್ಚಿಮ ಸಮುದ್ರದಿಂದ ಪ್ರೇಹರದವರೆಗೆ
- ದೈವೀ ಮನ್ನಣೆ: ಷಡಾನನ ಮತ್ತು ಮಾತೃಗಣದಿಂದ ಸೇನಾಪತಿ ಅಭಿಷೇಕ
- ಆಳ್ವಿಕೆ: ಸು. 345–365, ರಾಜಧಾನಿ: ಬನವಾಸಿ (ವೈಜಯಂತಿ)
- ಗಮನಿಸಿ: ಕಲಹದಿಂದ ಪಟ್ಟಬಂಧದವರೆಗೆ ಒಬ್ಬ ಸ್ತ್ರೀಪಾತ್ರವೂ ಇಲ್ಲ

ಶಾಸನದಲ್ಲಿ ಇಲ್ಲದ್ದು, ಚಿತ್ರದಲ್ಲಿ ಇರುವುದು

- ಪ್ರೇಮಾವತಿ: ಶಾಸನದಲ್ಲಿ ಇಲ್ಲ
- ಮಲ್ಲಯುದ್ಧ: ಶಾಸನದಲ್ಲಿ ಇಲ್ಲ, ಚಿತ್ರದಲ್ಲಿ ಪ್ರಧಾನ ಆಕರ್ಷಣೆ
- ರಾಜವಂಶದ ರಹಸ್ಯ: ಚಿತ್ರದಲ್ಲಿ ಬ್ರಾಹ್ಮಣ ಯುವಕನೆಂದು ಬೆಳೆದವನಿಗೆ ತಾನು ಕದಂಬ ರಾಜಕುಮಾರನೆಂಬ ಅರಿವು, ಶಾಸನದಲ್ಲಿ ಮಯೂರನೇ ರಾಜತ್ವದ ಸ್ಥಾಪಕ
- ಹೀಗಾಗಿ: ಚಿತ್ರದ ಮಯೂರ = ಕಳೆದ ರಾಜ್ಯದ ವಾರಸುದಾರ; ಶಾಸನದ ಮಯೂರ = ಮೊದಲ ಅರಸ. ಪರೀಕ್ಷೆಯಲ್ಲಿ ಎರಡನೆಯದೇ ಉತ್ತರ
- ಪಲ್ಲವ ದೊರೆಯ ಹೆಸರು: ತಾಳಗುಂದ ಶಾಸನದಲ್ಲಿ ಇಲ್ಲ, ಪಲ್ಲವ ಅರಸರ ಹೆಸರು ಸಿಗುವುದು ಮುಂದಿನ ಬೇರೆ ಆಕರಗಳಲ್ಲಿ
- ಶಿವಸ್ಕಂದವರ್ಮ: ಹಿರೇಹಡಗಲಿ ತಾಮ್ರಪಟ (ಪ್ರಾಕೃತ; ಈಗಿನ ವಿಜಯನಗರ ಜಿಲ್ಲೆ)
- ವಿಷ್ಣುಗೋಪ: ಸಮುದ್ರಗುಪ್ತನ ಅಲಹಾಬಾದ್ ಸ್ತಂಭ ಶಾಸನದಲ್ಲಿ ಕಂಚಿಯ ಅರಸ, ಕವಿ ಹರಿಷೇಣ
- ಶರ್ಮ–ವರ್ಮ: ಶಾಸನಗಳಲ್ಲಿ ಮಯೂರಶರ್ಮ, ‘ಮಯೂರವರ್ಮ’ ನಂತರದ ರೂಢಿ

ಪ್ರೇಮದ ಎಳೆ: ಚಿತ್ರದಲ್ಲಿ ಅದರ ಕೆಲಸ

- ಶಾಸನದ ಅಂತ್ಯ: ಪಲ್ಲವರ ಸಂಪೂರ್ಣ ಸೋಲಲ್ಲ, ರಾಜಿ, ನಾಯಕ ಶತ್ರುವಿನ ಸೇವೆಗೆ ನಿಂತು ಪಡೆದ ಪಟ್ಟ
- ಜನಪ್ರಿಯ ಚಿತ್ರಕ್ಕೆ ಇದರ ತೊಡಕು: ರಾಜ್‌ಕುಮಾರ್ ಪಾತ್ರ ಪಲ್ಲವರ ಸೇವೆಗೆ ನಿಲ್ಲುವ ದೃಶ್ಯ 1975ರ ಪ್ರೇಕ್ಷಕನಿಗೆ ಒಪ್ಪಿಗೆಯಾಗದು
- ಪರಿಹಾರ: ಶತ್ರುಕುಲದ ಪ್ರೇಯಸಿ. ಶಾಸನದಲ್ಲಿ ಸಂಧಾನ ಮಾಡಿದ ಕೆಲಸ ಚಿತ್ರದಲ್ಲಿ ಪ್ರೇಮದ ಪಾಲಿಗೆ
- ಪರಿಣಾಮ 1: ಪಲ್ಲವರು ಪೂರ್ಣ ಖಳರಲ್ಲ, ಪ್ರೇಕ್ಷಕನಿಗೆ ಕಂಚಿಯ ಮೇಲೂ ಅರೆಮಮತೆ
- ಪರಿಣಾಮ 2: ಯುದ್ಧದೃಶ್ಯಗಳಲ್ಲಿ ಗೆಲುವಿನ ಜೊತೆಗೆ ನಷ್ಟದ ಭೀತಿ
- ಪರಿಣಾಮ 3: ಮರುವೀಕ್ಷಣೆಗೆ ಅವಕಾಶ. ಯಾರು ಗೆಲ್ಲುವರೆಂದು ಮೊದಲೇ ಗೊತ್ತು. ಕುತೂಹಲ ಉಳಿಯುವುದು ಪ್ರೇಯಸಿ ಯಾವ ಪಕ್ಷಕ್ಕೆ ಎಂಬಲ್ಲಿ
- ಈ ಲೇಖಕನ ಅಭಿಪ್ರಾಯ: ಚಿತ್ರ ಹಳತಾಗದಿರಲು ಮುಖ್ಯ ಕಾರಣ ಇದೇ, ಕತ್ತಿವರಸೆ ಎರಡನೆಯ ಸ್ಥಾನ, ಸೆಟ್ಟುಗಳ ವೈಭವಕ್ಕೆ ಕೊನೆಯ ಸ್ಥಾನ (ಕೋಟೆಗೋಡೆಗಳ ಬಣ್ಣ ಇಂದಿನ ಕಣ್ಣಿಗೆ ಕೊಂಚ ಹೆಚ್ಚೇ)

ಕದಂಬ ಚರಿತ್ರೆಯಲ್ಲಿ ವಿವಾಹ ರಾಜಕಾರಣ

- ಕಾಕುತ್ಸ್ಥವರ್ಮ: ಪುತ್ರಿಯರ ವಿವಾಹದ ಮೂಲಕ ರಾಜಕುಲ ಮೈತ್ರಿ, ತಾಳಗುಂದ ಶಾಸನದಲ್ಲಿ ‘ಗುಪ್ತ ಮೊದಲಾದ’ ರಾಜಕುಲಗಳ ಉಲ್ಲೇಖ
- ವಾಕಾಟಕ ಸಂಬಂಧ: ನರೇಂದ್ರಸೇನನ ಪತ್ನಿ ಅಜ್ಝಿತಭಟ್ಟಾರಿಕೆ, ಕುಂತಲಾಧಿಪತಿಯ ಪುತ್ರಿ, ಆಧಾರ: ಬಾಲಾಘಾಟ್ ತಾಮ್ರಪಟ
- ಗಂಗ ಸಂಬಂಧ: ಅವಿನೀತನ ತಾಯಿ ಕದಂಬ ರಾಜಕುಮಾರಿ
- ಗುಡ್ನಾಪುರ ಸ್ತಂಭ ಶಾಸನ: ಶಿರಸಿ ತಾಲ್ಲೂಕು, ಬನವಾಸಿ ಸಮೀಪ, ಅರಸ ರವಿವರ್ಮ, ಬೆಳಕಿಗೆ ತಂದವರು ಬಿ.ಆರ್. ಗೋಪಾಲ್
- ಗುಡ್ನಾಪುರದ ವಿಶೇಷ: ಕಾಮಜಿನಾಲಯ (ಮನ್ಮಥ ಆಲಯ), ಅರಮನೆ, ನೃತ್ಯಶಾಲೆ
- ತಾತ್ಪರ್ಯ: ಶತ್ರು ಅಥವಾ ಪರಕುಲದ ವಧು ಎಂಬ ಕಲ್ಪನೆ ಕಾದಂಬರಿಕಾರನ ಸ್ವೇಚ್ಛೆಯಲ್ಲ, ಮಯೂರನಿಗಲ್ಲದಿದ್ದರೂ ವಂಶಕ್ಕೆ ಸಲ್ಲುವ ಸಂಗತಿ

ಇಂದಿಗೂ ಆಕರ್ಷಣೆ: ಇತರ ಕಾರಣಗಳು

- ರಾಜ್ಯನಾಮ: 1973ರ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’, ಚಿತ್ರ ಬಂದದ್ದು 2 ವರ್ಷಗಳ ಅಂತರದಲ್ಲಿ. ಮೊದಲ ಕನ್ನಡ ರಾಜವಂಶದ ಕಥೆಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ
- ಗೋಕಾಕ್ ಚಳವಳಿ: ವಿ.ಕೃ. ಗೋಕಾಕ್ ಸಮಿತಿ ವರದಿ 1981. ರಾಜ್‌ಕುಮಾರ್ ನೇತೃತ್ವ 1982. ಅನಂತರ ಚಿತ್ರದ ಮಯೂರನಿಗೂ ನಟನಿಗೂ ನಡುವಣ ಗೆರೆ ತೆಳು. ಚಿತ್ರಕ್ಕೆ ಭಾಷಾಭಿಮಾನದ ಹೊಸ ಅರ್ಥ
- ಉಚ್ಚಾರ: ಗುಬ್ಬಿ ಕಂಪನಿಯ ರಂಗಶಿಕ್ಷಣದ ಫಲ, ಹಳೆಯ ಶೈಲಿಯ ದೀರ್ಘ ಸಂಭಾಷಣೆಯಲ್ಲೂ ಅಕ್ಷರ ಸ್ಪಷ್ಟ, ಶಾಲಾ ವಾರ್ಷಿಕೋತ್ಸವದ ಏಕಪಾತ್ರಾಭಿನಯಕ್ಕೆ ಅನುಕೂಲ
- ಗಾಯನ: ಸಂಪತ್ತಿಗೆ ಸವಾಲ್ (1974) ನಂತರ ನಿಯಮಿತವಾಗಿ ತಮ್ಮ ಪಾತ್ರಗಳಿಗೆ ತಾವೇ ದನಿ, ಮಯೂರ ಆ ಆರಂಭ ಘಟ್ಟದ ಚಿತ್ರ
- ಹಾಡು: ರಾಜ್ಯೋತ್ಸವ ವೇದಿಕೆಗಳಲ್ಲಿ ಪುನರಾವರ್ತನೆ, ಚಿತ್ರ ನೋಡದವರಿಗೂ ಪರಿಚಿತ ರಾಗ
- ಅವಮಾನದ ಎಳೆ: ಓದಲೆಂದು ಪರಸ್ಥಳಕ್ಕೆ ಹೋದ ವಿದ್ಯಾರ್ಥಿ, ಅಲ್ಲಿ ಕೀಳಾಗಿ ಕಂಡ ಅಧಿಕಾರ. ಧಾರವಾಡ, ಬೆಂಗಳೂರಿನ ಕೋಚಿಂಗ್ ಕೇಂದ್ರಗಳಲ್ಲಿ ಈ ಪಟ್ಟಿ ಬಾಯಿಪಾಠ ಮಾಡುವ ಓದುಗನಿಗೆ ಹೆಚ್ಚಿನ ವಿವರಣೆ ಬೇಡ
- ಸ್ಥಳಸಾಮೀಪ್ಯ: ಶಿಕಾರಿಪುರ, ಸೊರಬದ ಪ್ರೇಕ್ಷಕನಿಗೆ ಕಥೆಯ ಆಧಾರಗಲ್ಲು ಬಸ್ಸಿನ ಹಾದಿಯಲ್ಲೇ; ಬನವಾಸಿ ಸೊರಬ ತಾಲ್ಲೂಕಿನ ಗಡಿಗೆ ತಾಗಿದ ಊರು, ನದಿ ವರದಾ

ಇತರ ಮಯೂರಶರ್ಮ ಆಕರಗಳು

- ಚಂದ್ರವಳ್ಳಿ ಶಾಸನ: ಚಿತ್ರದುರ್ಗ, ಪ್ರಾಕೃತ, ವಿಷಯ: ಕೆರೆ ನಿರ್ಮಾಣ, ಓದಿ ಪ್ರಕಟಿಸಿದವರು ಎಂ.ಎಚ್. ಕೃಷ್ಣ
- ಅಲ್ಲಿ ಹೆಸರಿಸಿದ ಕುಲ, ಪ್ರದೇಶಗಳು: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುಣಾಟ, ಮೌಖರಿ
- ಮಳವಳ್ಳಿ ಸ್ತಂಭ ಶಾಸನ: ಶಿಕಾರಿಪುರ ತಾಲ್ಲೂಕು (ಮಂಡ್ಯ ಜಿಲ್ಲೆಯ ಮಳವಳ್ಳಿ ಅಲ್ಲ), ಪ್ರಾಕೃತ, ಚುಟು ಶಾತಕರ್ಣಿ, ಅನಂತರ ಕದಂಬ ಅರಸ, ಚುಟುಗಳಿಂದ ಕದಂಬರಿಗೆ ಅಧಿಕಾರ ಹಸ್ತಾಂತರದ ಸಾಕ್ಷ್ಯ
- ಗ್ರಂಥ: ‘ಕದಂಬ ಕುಲ’, ಜಾರ್ಜ್ ಎಂ. ಮೊರಾಯಸ್, 1931
- ಕದಂಬ ಲಾಂಛನ: ಸಿಂಹ

ಸೊರಬ: ‘ಕಲ್ಲರಳಿ ಹೂವಾಗಿ’ (2006)

- ನಿರ್ದೇಶನ: ಟಿ.ಎಸ್. ನಾಗಾಭರಣ, ನಿರ್ಮಾಣ: ಮಧು ಬಂಗಾರಪ್ಪ, ಕಥೆ: ಬಿ.ಎಲ್. ವೇಣು, ಸಂಗೀತ: ಹಂಸಲೇಖ
- ನಿರ್ಮಾಪಕರ ಸೊರಬ ಸಂಬಂಧ: 2013 ಮತ್ತು 2023ರಲ್ಲಿ ಸೊರಬ ವಿಧಾನಸಭಾ ಕ್ಷೇತ್ರದಿಂದ ಆಯ್ಕೆ, ಮಾಜಿ ಮುಖ್ಯಮಂತ್ರಿ ಎಸ್. ಬಂಗಾರಪ್ಪ ಅವರ ಪುತ್ರ
- ಎಸ್. ಬಂಗಾರಪ್ಪ: ಊರು ಕುಬಟೂರು, ಸೊರಬ ತಾಲ್ಲೂಕು, ಮುಖ್ಯಮಂತ್ರಿ 17 ಅಕ್ಟೋಬರ್ 1990–19 ನವೆಂಬರ್ 1992, ಯೋಜನೆಗಳು: ಆಶ್ರಯ, ಆರಾಧನಾ
- ಕುಮಾರ್ ಬಂಗಾರಪ್ಪ: ಇನ್ನೊಬ್ಬ ಪುತ್ರ, ಚಿತ್ರನಟ, ಸೊರಬದ ಮಾಜಿ ಶಾಸಕ
- ಮುಖ್ಯ ಪಾತ್ರಧಾರಿಗಳು: ವಿಜಯ್ ರಾಘವೇಂದ್ರ, ಉಮಾಶಂಕರಿ, ಹಿರಿಯರು: ಅಂಬರೀಶ್, ಅನಂತನಾಗ್
- ಕಥಾಕಾಲ: ಚಿತ್ರದುರ್ಗದ ಮದಕರಿ ನಾಯಕನ ಆಳ್ವಿಕೆ; ಹೈದರಾಲಿ ಸೈನ್ಯದೊಂದಿಗಿನ ಸಂಘರ್ಷ
- ಪ್ರೇಮ: ದುರ್ಗದ ಹಿಂದೂ ಯುವಕ, ಮುಸ್ಲಿಂ ಯುವತಿ
- ಪ್ರಶಸ್ತಿ: ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರಕ್ಕಾಗಿ ನರ್ಗಿಸ್ ದತ್ ಪ್ರಶಸ್ತಿ, 54ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ
- ಐತಿಹಾಸಿಕ ಹಿನ್ನೆಲೆ: ಚಿತ್ರದುರ್ಗದ ಪತನ 1779, ಹೈದರಾಲಿ ನಿಧನ 7 ಡಿಸೆಂಬರ್ 1782
- ಮಯೂರದೊಂದಿಗೆ ಹೋಲಿಕೆ: ಎರಡರಲ್ಲೂ ಪ್ರೇಯಸಿ ಎದುರು ಪಾಳಯದವಳು. ವ್ಯತ್ಯಾಸ: ಮಯೂರದಲ್ಲಿ ಪ್ರೇಮಿ ರಾಜನಾಗುವವನು, ಇಲ್ಲಿ ರಾಜ್ಯವಾಳುವವನು ಬೇರೆ, ಪ್ರೇಮಿ ಬೇರೆ, ಯುದ್ಧದ ತೀರ್ಮಾನ ಪ್ರೇಮಿಗಳ ಕೈಯಲ್ಲಿಲ್ಲ
- ಕಾಕತಾಳೀಯ: ಈ ಚಿತ್ರದ ಚಿತ್ರದುರ್ಗದಲ್ಲೇ ಮಯೂರಶರ್ಮನ ಚಂದ್ರವಳ್ಳಿ ಶಾಸನ
- ಸೊರಬ ತಾಲ್ಲೂಕು, ಒಂದೇ ಉಸಿರಿನಲ್ಲಿ: ದಂಡಾವತಿ ನದಿ, ಚಂದ್ರಗುತ್ತಿ ಕೋಟೆ ಮತ್ತು ರೇಣುಕಾಂಬ ದೇವಾಲಯ, ಗುಡವಿ ಪಕ್ಷಿಧಾಮ, ಕುಬಟೂರಿನ ಕೈಟಭೇಶ್ವರ ದೇವಾಲಯ, ಗುಡಿಗಾರರ ಶ್ರೀಗಂಧ ಕೆತ್ತನೆ

‘ಮುತ್ತಿನ ಹಾರ’ (1990)

- ನಿರ್ದೇಶನ: ಎಸ್.ವಿ. ರಾಜೇಂದ್ರಸಿಂಗ್ ಬಾಬು; ಸಂಗೀತ: ಹಂಸಲೇಖ
- ಅಚ್ಚಪ್ಪ: ವಿಷ್ಣುವರ್ಧನ್, ಅನ್ನಪೂರ್ಣ: ಸುಹಾಸಿನಿ
- ಹಿನ್ನೆಲೆ: ಕೊಡಗಿನ ಸೈನಿಕ, ಸೇನಾ ದಾದಿ; 2ನೆಯ ಮಹಾಯುದ್ಧದ ಬರ್ಮಾ ರಂಗದಲ್ಲಿ ಪರಿಚಯ, ವಿವಾಹ
- ಪ್ರಶಸ್ತಿ: 38ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ, ಅತ್ಯುತ್ತಮ ಕನ್ನಡ ಚಿತ್ರ
- ಅಪರೂಪ: ಕರ್ನಾಟಕ ಸಂಗೀತದ ಎಂ. ಬಾಲಮುರಳಿಕೃಷ್ಣ ಅವರ ಹಿನ್ನೆಲೆ ಗಾಯನ
- ಕನ್ನಡದಲ್ಲಿ 20ನೆಯ ಶತಮಾನದ ಯುದ್ಧಕಾಲದ ಪ್ರೇಮಕಥೆ ಎಂದರೆ ಮೊದಲ ಹೆಸರು ಇದು. ಮಯೂರದಲ್ಲಿ ಪ್ರೇಮದಿಂದ ಯುದ್ಧದ ಕಹಿ ಕಡಿಮೆ, ಇಲ್ಲಿ ಯುದ್ಧದಿಂದ ಸಂಸಾರವೇ ಬಲಿ
- ಸಂಬಂಧಿತ: ಕೊಡಗಿನವರೇ ಆದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ, ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, 15 ಜನವರಿ 1949 (ಸೇನಾ ದಿನ)

‘ಕಾಸಾಬ್ಲಾಂಕಾ’ (1942): ಅಂತರರಾಷ್ಟ್ರೀಯ ಮಾನದಂಡ

- ನಿರ್ದೇಶನ: ಮೈಕೆಲ್ ಕರ್ಟಿಝ್, ನಟರು: ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್, ಸಂಸ್ಥೆ: ವಾರ್ನರ್ ಬ್ರದರ್ಸ್, ಅವಧಿ: 102 ನಿಮಿಷ
- ಪ್ರಥಮ ಪ್ರದರ್ಶನ: 26 ನವೆಂಬರ್ 1942, ನ್ಯೂಯಾರ್ಕ್, ಸಾರ್ವತ್ರಿಕ ಬಿಡುಗಡೆ: 23 ಜನವರಿ 1943
- ಕಥಾಕಾಲ: ಡಿಸೆಂಬರ್ 1941, ಸ್ಥಳ: ಮೊರಾಕ್ಕೊ
- ಆಸ್ಕರ್ (16ನೆಯ ಸಮಾರಂಭ, 1944): ಅತ್ಯುತ್ತಮ ಚಿತ್ರ, ನಿರ್ದೇಶನ, ಚಿತ್ರಕಥೆ
- ಕಾಸಾಬ್ಲಾಂಕಾ ಸಮ್ಮೇಳನ: 14–24 ಜನವರಿ 1943, ರೂಸ್‌ವೆಲ್ಟ್, ಚರ್ಚಿಲ್. ಚಿತ್ರಕ್ಕೆ ಖರ್ಚಿಲ್ಲದ ಪ್ರಚಾರ
- ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಪಟ್ಟಿ: 1989, ಮೊದಲ 25 ಚಿತ್ರಗಳಲ್ಲಿ ಒಂದು
- ಮಯೂರದೊಂದಿಗೆ ವ್ಯತ್ಯಾಸ: ಅಲ್ಲಿ ದೊಡ್ಡ ಉದ್ದೇಶಕ್ಕಾಗಿ ಪ್ರೇಯಸಿಯ ತ್ಯಾಗ. ನಿರ್ಮಾಣವಾದಾಗ ಯುದ್ಧ ಇನ್ನೂ ನಡೆಯುತ್ತಿದ್ದುದರಿಂದ ಅಂತ್ಯ ತೆರೆದದ್ದು. ಮಯೂರದ ಯುದ್ಧ ಮುಗಿದು 16 ಶತಮಾನ

ಈಸೂರು: ಅದೇ 1942, ಶಿಕಾರಿಪುರ ತಾಲ್ಲೂಕು

- ಸಂದರ್ಭ: ಕ್ವಿಟ್ ಇಂಡಿಯಾ ಚಳವಳಿ; ಗ್ರಾಮದಿಂದ ಸ್ವತಂತ್ರ ಸರ್ಕಾರ ಘೋಷಣೆ; ವೀರಭದ್ರ ದೇವಾಲಯದ ಮೇಲೆ ಧ್ವಜಾರೋಹಣ
- ಸಂಘರ್ಷ: 28 ಸೆಪ್ಟೆಂಬರ್ 1942, ಅಮಲ್ದಾರ್ ಮತ್ತು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಸಾವು
- ಗಲ್ಲು: 8, 9, 10 ಮಾರ್ಚ್ 1943, ಬೆಂಗಳೂರು ಕೇಂದ್ರ ಕಾರಾಗೃಹ
- ಹುತಾತ್ಮರು (5): ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ
- ಚಿತ್ರದೊಂದಿಗೆ ಸಂಬಂಧ: ನೇರ ಸಂಬಂಧವಿಲ್ಲ. ಆದರೆ ಅಧಿಕಾರಿಯ ಎದುರು ತಿರುಗಿಬಿದ್ದವರ ಕಥೆ ಈ ತಾಲ್ಲೂಕಿನ ಹಿರಿಯರಿಗೆ 1975ಕ್ಕೆ ಕೇವಲ 33 ವರ್ಷ ಹಳೆಯದು. ಅಂತಪಾಲರ ಸೋಲಿನ ದೃಶ್ಯಕ್ಕೆ ಇಲ್ಲಿ ಬೇರೆಯೇ ಕಿವಿ

ಶಿಕಾರಿಪುರ: ಪೂರಕ ಅಂಶಗಳು

- ಬಳ್ಳಿಗಾವಿ: ಕೇದಾರೇಶ್ವರ (ತ್ರಿಕೂಟ), ತ್ರಿಪುರಾಂತಕ ದೇವಾಲಯಗಳು, ಗಂಡಭೇರುಂಡ ಸ್ತಂಭ (1047)
- ಕೋಡಿಯ ಮಠ: ಕಾಳಾಮುಖ ವಿದ್ಯಾಕೇಂದ್ರ; 1162ರ ಶಾಸನದಲ್ಲಿ ಬೋಧನಾ ವಿಷಯಗಳ ವಿವರ. ಮಯೂರ ಕಂಚಿಗೆ ಹೋಗಬೇಕಾಯಿತು. 8 ಶತಮಾನಗಳ ಬಳಿಕ ವಿದ್ಯೆ ಅವನ ಊರಿನ ಮಗ್ಗುಲಲ್ಲೇ
- ಉಡುತಡಿ: ಅಕ್ಕಮಹಾದೇವಿ ಜನ್ಮಸ್ಥಳ, ಬಳ್ಳಿಗಾವಿ: ಅಲ್ಲಮಪ್ರಭು ಸಂಬಂಧ
- ನದಿ: ಕುಮುದ್ವತಿ, ಜಲಾಶಯ: ಅಂಜನಾಪುರ

ಹೆಸರಿನ ಆಧುನಿಕ ಬಳಕೆ

- ಕದಂಬೋತ್ಸವ: ಬನವಾಸಿ, ಇಲ್ಲಿ ಪಂಪ ಪ್ರಶಸ್ತಿ ಪ್ರದಾನ, ಸ್ಥಾಪನೆ 1987, ಮೊದಲ ಪುರಸ್ಕೃತರು ಕುವೆಂಪು
- ಐ.ಎನ್.ಎಸ್. ಕದಂಬ: ಕಾರವಾರ ನೌಕಾನೆಲೆ, ಕಾರ್ಯಾರಂಭ 31 ಮೇ 2005, ಯೋಜನೆ: ಸೀಬರ್ಡ್
- ಕದಂಬ ಸಾರಿಗೆ ನಿಗಮ: ಗೋವಾ ರಾಜ್ಯ, ಹೆಸರು ಗೋವಾ ಕದಂಬರಿಂದ
- ‘ಮಯೂರ’ ಹೋಟೆಲ್‌ಗಳು: ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ

ಡಾ. ರಾಜ್‌ಕುಮಾರ್ ಐತಿಹಾಸಿಕ ಚಿತ್ರಗಳು: ಕಾಲಾನುಕ್ರಮ

- ರಣಧೀರ ಕಂಠೀರವ (1960), ಕಿತ್ತೂರು ಚೆನ್ನಮ್ಮ (1961), ಇಮ್ಮಡಿ ಪುಲಿಕೇಶಿ (1967), ಶ್ರೀ ಕೃಷ್ಣದೇವರಾಯ (1970), ಮಯೂರ (1975)
- ರಾಜವಂಶ ಕ್ರಮ: ಮೈಸೂರು ಒಡೆಯರು, ಕಿತ್ತೂರು, ಬಾದಾಮಿ ಚಾಲುಕ್ಯ, ವಿಜಯನಗರ, ಕದಂಬ. ತೆರೆಯ ಮೇಲೆ ಕೊನೆಗೆ ಬಂದದ್ದು ಚರಿತ್ರೆಯಲ್ಲಿ ಮೊದಲಿನದು
- ನಟ: ಜನನ 24 ಏಪ್ರಿಲ್ 1929, ನಿಧನ 12 ಏಪ್ರಿಲ್ 2006, ಮೊದಲ ನಾಯಕಪಾತ್ರ ಬೇಡರ ಕಣ್ಣಪ್ಪ (1954), ಪದ್ಮಭೂಷಣ 1983, ಕರ್ನಾಟಕ ರತ್ನ 1992, ದಾದಾಸಾಹೇಬ್ ಫಾಲ್ಕೆ 1995ನೆಯ ಸಾಲಿನದು

ಗೊಂದಲಕ್ಕೆ ಎಡೆಯಾಗುವ ಜೋಡಿಗಳು

- ತಾಳಗುಂದ ಶಾಸನ ಬರೆಸಿದವನು ಶಾಂತಿವರ್ಮ, ತಟಾಕ ಕಟ್ಟಿಸಿದವನು ಕಾಕುತ್ಸ್ಥವರ್ಮ, ಕಥಾನಾಯಕ ಮಯೂರಶರ್ಮ
- ತಾಳಗುಂದ: ಸಂಸ್ಕೃತ, ಚಂದ್ರವಳ್ಳಿ, ಮಳವಳ್ಳಿ: ಪ್ರಾಕೃತ, ಹಲ್ಮಿಡಿ: ಕನ್ನಡ
- ತಾಳಗುಂದ: ಶಿವಮೊಗ್ಗ ಜಿಲ್ಲೆ, ಬನವಾಸಿ, ಗುಡ್ನಾಪುರ: ಉತ್ತರ ಕನ್ನಡ ಜಿಲ್ಲೆ
- ಕುಬ್ಜ: ತಾಳಗುಂದ, ಹರಿಷೇಣ: ಅಲಹಾಬಾದ್, ರವಿಕೀರ್ತಿ: ಐಹೊಳೆ
- ಮುತ್ತಿನ ಹಾರ: ಅತ್ಯುತ್ತಮ ಕನ್ನಡ ಚಿತ್ರ, ಕಲ್ಲರಳಿ ಹೂವಾಗಿ: ನರ್ಗಿಸ್ ದತ್ ಪ್ರಶಸ್ತಿ
- ಗ್ರಹಣ ಮತ್ತು ಕಲ್ಲರಳಿ ಹೂವಾಗಿ: ಎರಡೂ ನಾಗಾಭರಣ, ಎರಡಕ್ಕೂ ರಾಷ್ಟ್ರೀಯ ಭಾವೈಕ್ಯ ವಿಭಾಗದ ಮನ್ನಣೆ, ಮೊದಲನೆಯದು 1970ರ ದಶಕ, ಎರಡನೆಯದು 2006
- ಮಯೂರ: ನಿರ್ದೇಶಕ ವಿಜಯ್, ಬಭ್ರುವಾಹನ (1977): ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ